ಆಚೆ ಬದಿಯ ನಟ್ಟು ಬಿಗಿದವನು

ಕ್ಯಾಸೆಟ್ಟಿನ ಮೇಲೆ ಇರುವುದು ನನ್ನದೇ ಅಕ್ಷರ. ‘ಗ್ರೆಗರಿ. ತೇರ್ಸ್. ಪೂರ್ತಿ ಸ್ವರ.’ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಬೇರೆ ಎಳೆದಿದ್ದೇನೆ, ಏನೋ ಘನಕಾರ್ಯ ಮಾಡಿದವನ ಹಾಗೆ.

ಗ್ರೆಗರಿ ನನ್ನ ಅಣ್ಣ. ತೇರ್ಸ್ ಅಂದರೆ ನಾವು ಕೊಂಕಣಿ ಕ್ರೈಸ್ತರು ದಿನಾ ಸಂಜೆ ಮನೆಯಲ್ಲಿ ಮೊಣಕಾಲೂರಿ ಹೇಳುವ ಜಪಸರದ ಪ್ರಾರ್ಥನೆ. ಅಣ್ಣ ಅದನ್ನು ಮೊದಲಿನಿಂದ ಕೊನೆಯವರೆಗೆ ಗಂಟಲು ಬಿಚ್ಚಿ ಹೇಳಿದ್ದು ನಿಜ. ಅಷ್ಟು ಹೊತ್ತೂ ಟೇಪು ಓಡಿದ್ದು ನಿಜ.

ಆದರೆ ಟೇಪಿನಲ್ಲಿ ಏನೂ ಇಲ್ಲ. ಒಂದು ಕೆಮ್ಮು ಕೂಡ ಇಲ್ಲ.

(ಯಂತ್ರ ಕೆಟ್ಟಿತ್ತೇ ಎಂದು ಕೇಳಬೇಡಿ. ಯಂತ್ರ ಚೆನ್ನಾಗಿಯೇ ಇತ್ತು. ಏನೂ ಬರಬಾರದು ಎಂದೇ ಅಷ್ಟೆಲ್ಲ ಕಷ್ಟಪಟ್ಟದ್ದು.)

ಕಳೆದ ಮಂಗಳವಾರ ಮಧ್ಯಾಹ್ನ ಅತ್ತಿಗೆ ಕಾರ್ಮಿನ್ ನಮ್ಮ ಮನೆಗೆ ಬಂದರು. ಬೆಳ್ಮಣ್ಣಿನಲ್ಲಿ ನಮ್ಮ ಮನೆ, ಅಣ್ಣನ ಮನೆ ಒಂದೇ ಮಾಡಿನ ಕೆಳಗೆ ಇವೆ. ನಡುವೆ ಒಂದು ಗೋಡೆ. ಅವರ ಬಾಗಿಲಿನಿಂದ ನನ್ನ ಬಾಗಿಲಿಗೆ ಹದಿನೈದು ಹೆಜ್ಜೆ. ಈ ಮೂರು ವರ್ಷಗಳಲ್ಲಿ ಅತ್ತಿಗೆ ಆ ಹದಿನೈದು ಹೆಜ್ಜೆ ನಡೆದದ್ದು ನಾಲ್ಕು ಸಲ ಇರಬಹುದು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಕೇಳಿದರು.

“ಫೆಲಿಕ್ಸ್, ನಿನ್ನ ಹತ್ತಿರ ಇವರ ಸ್ವರ ಉಂಟಾ?”

(ಮನೆಯಲ್ಲಿ ನಾವು ಆಡುವುದು ಕೊಂಕಣಿ. ನಿಮಗಾಗಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಕೊಂಕಣಿಯಲ್ಲಿ ಈ ಪ್ರಶ್ನೆ ಇನ್ನೂ ಚಿಕ್ಕದು, ಇನ್ನೂ ಚುಚ್ಚುತ್ತದೆ.)

ವಿಷಯ ಇಷ್ಟು. ಎರಡು ತಿಂಗಳ ಹಿಂದೆ ಅಣ್ಣನ ಗಂಟಲಿಗೆ ಮಣಿಪಾಲದಲ್ಲಿ ಆಪರೇಶನ್ ಆಯಿತು. ಗಡ್ಡೆ ತೆಗೆದರು. ಗಡ್ಡೆಯ ಜೊತೆ ಸ್ವರದ ಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ಜೀವ ಉಳಿಯಿತು. ಡಾಕ್ಟರು ಮೊದಲೇ ಎಲ್ಲ ಬಿಡಿಸಿ ಹೇಳಿದ್ದರು, ಯಾರ ಮೇಲೂ ದೂರಿಲ್ಲ. ಈಗ ಅಣ್ಣ ಮಾತಾಡುವುದು ಒಂದು ಸ್ಲೇಟಿನಲ್ಲಿ.

ಅವನ ಮಗಳು ಐರಿನ್ ಬಹರೈನಿನಲ್ಲಿ ನರ್ಸು, ಹೋಗಿ ಒಂದು ವರ್ಷವಾಯಿತು. ನಾನು ಅವಳಿಗೆ ಬಾಪ್ಪು, ಅಂದರೆ ಚಿಕ್ಕಪ್ಪ. ಅವಳು ಕಾಗದ ಬರೆದಿದ್ದಾಳೆ: ‘ಇಲ್ಲಿ ಎಲ್ಲರ ಹತ್ತಿರವೂ ಮನೆಯವರ ಸ್ವರದ ಕ್ಯಾಸೆಟ್ ಉಂಟು. ನನ್ನ ಹತ್ತಿರ ಮಾತ್ರ ಪಪ್ಪನದು ಇಲ್ಲ. ಫೆಲಿಕ್ಸ್ ಬಾಪ್ಪುವಿನ ಹತ್ತಿರ ಖಂಡಿತ ಇರುತ್ತದೆ, ಕೇಳಿ.’

ಖಂಡಿತ ಇರುತ್ತದೆ! ಇರದೆ ಮತ್ತೆ? ಐದು ವರ್ಷದಿಂದ ಮನೆಯ ಅರ್ಧ ಹಜಾರದಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡವನು ನಾನು. ಉಡುಪಿಯಿಂದ, ಕಾಪುವಿನಿಂದ, ಅಜೆಕಾರಿನಿಂದ ಬಸ್ಸು ಹತ್ತಿ ಜನ ಇಲ್ಲಿಗೆ ಬರುತ್ತಾರೆ. ಭಜನೆಯವರು, ನಾಟಕದವರು, ಮದುವೆಯ ಹಾಡಿನವರು. ಗಲ್ಫಿನಲ್ಲಿರುವ ಗಂಡನಿಗೆ, ಮಗನಿಗೆ ಕಾಗದದ ಬದಲು ಕ್ಯಾಸೆಟ್ ಕಳಿಸುವವರು ಬೇರೆ. ‘ಇಲ್ಲಿ ಎಲ್ಲರೂ ಕ್ಷೇಮ’ ಅಂತ ಶುರು ಮಾಡಿ ಎರಡನೇ ವಾಕ್ಯಕ್ಕೆ ಅಳುವವರು. ಈ ಸುತ್ತಿನ ಅರ್ಧ ಊರಿನ ಸ್ವರ ನನ್ನ ಕಪಾಟಿನಲ್ಲಿದೆ. ಒಡಹುಟ್ಟಿದವನದ್ದು ಇರುವುದಿಲ್ಲವೇ?

ಅತ್ತಿಗೆ ಹೊಸ್ತಿಲಿನಿಂದಲೇ ಕಪಾಟು ನೋಡುತ್ತಿದ್ದರು. ಮೇಲಿನ ಸಾಲಿನಲ್ಲಿ ಕೆಂಪು ಗೆರೆ ಎಳೆದ ಕ್ಯಾಸೆಟ್ ಎದ್ದು ಕಾಣುತ್ತಿತ್ತು. ಸೀದಾ ಒಳಗೆ ಬಂದು ತೆಗೆದುಕೊಂಡರು, ಹೆಸರು ಓದಿದರು.

“ಪೂರ್ತಿ ತೇರ್ಸ್ ಉಂಟಾ ಇದರಲ್ಲಿ? ದೇವರು ದೊಡ್ಡವನು, ಮಾರಾಯ!”

ಕ್ಯಾಸೆಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟೇಹೋದರು. ಶುಕ್ರವಾರ ಯಾರೋ ಬಹರೈನಿಗೆ ಹೊರಡುವವರು ಇದ್ದರಂತೆ.

ಪ್ರತಿ ವಾರ ಊರಿನವರ ಹುಳುಕು ಹುಡುಕಿ ಈ ಅಂಕಣದಲ್ಲಿ ಇಷ್ಟುದ್ದ ಬರೆಯುವ ನನಗೆ, ‘ಅತ್ತಿಗೆ, ಅದು ಖಾಲಿ’ ಎನ್ನುವ ಮೂರು ಪದ ಬರಲಿಲ್ಲ.

ಖಾಲಿ ಯಾಕೆ ಎನ್ನುವುದನ್ನು ಈಗ ಹೇಳುತ್ತೇನೆ. ಅತ್ತಿಗೆಗೆ ಹೇಳಬೇಕಾದದ್ದನ್ನು ನಿಮಗೆ ಹೇಳುವುದು ಸುಲಭ. ನೀವು ನನ್ನ ಮುಖ ನೋಡುತ್ತಿಲ್ಲವಲ್ಲ!

ಗೋಡೆಯಿಂದಲೇ ಶುರು ಮಾಡಬೇಕು. ಒಂಬತ್ತು ವರ್ಷದ ಹಿಂದೆ ನಾವು ಅಣ್ಣತಮ್ಮ ಮನೆ ಪಾಲು ಮಾಡಿಕೊಂಡೆವು. ನಮ್ಮ ಕಡೆ ಪಾಲಾದ ಮನೆಗಳ ನಡುಗೋಡೆಯನ್ನು ನೀವು ನೋಡಿದ್ದೀರಲ್ಲ? ಕಾಪುವಿನಿಂದ ಕಾರ್ಕಳದವರೆಗೆ ಎಲ್ಲ ಒಂದೇ ಜಾತಿ. ಸಿಟ್ಟಿನಲ್ಲಿ ಕಟ್ಟುವ ಗೋಡೆ. ಚೆನ್ನಾಗಿ ಕಟ್ಟಬೇಕು ಎಂದು ಯಾರಿಗೂ ಇರುವುದಿಲ್ಲ, ಬೇಗ ಏಳಬೇಕು, ಅಷ್ಟೆ. ಕೆಂಪುಕಲ್ಲನ್ನು ಮಲಗಿಸಿ ಕಟ್ಟಿದರೆ ಜಾಗ ಹೋಗುತ್ತದೆ ಎಂದು ನಿಲ್ಲಿಸಿ ಕಟ್ಟುತ್ತಾರೆ. ದಪ್ಪ ಅರ್ಧಕ್ಕರ್ಧ. ಮುಖ ಕಾಣದಿದ್ದರೆ ಸಾಕು ಎನ್ನುವ ಗೋಡೆ. ಶಬ್ದದ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಹಜಾರ ಎರಡಾಯಿತು. ಅಲ್ತಾರು, ಅಂದರೆ ನಮ್ಮ ಮನೆಯ ದೇವರ ಪೀಠ, ಹಿರಿಯನಾದ ಅಣ್ಣನ ಪಾಲಿಗೆ ಹೋಯಿತು. ಅವನು ಅದನ್ನು ತಂದು ಹಾಕಿದ್ದು ಈ ಹೊಸ ನಡುಗೋಡೆಗೆ! ಅಂದರೆ ಅವರು ಮೊಣಕಾಲೂರಿ ಮುಖ ಮಾಡುತ್ತಿದ್ದದ್ದು ನನ್ನ ಕಡೆಗೆ. ಅಣ್ಣ ಬೇಕೆಂದೇ ಹಾಗೆ ಮಾಡಿದ ಎಂದು ಆಗ ಸಿಟ್ಟಿನಿಂದ ಹೇಳುತ್ತಿದ್ದೆ. ಬೇಕೆಂದೇ ಮಾಡಿದ್ದ ಎಂದು ಈಗಲೂ ನಂಬಿದ್ದೇನೆ, ಸಿಟ್ಟು ಮಾತ್ರ ಇಲ್ಲ.

ಅಣ್ಣನ ಸ್ವರದ ಬಗ್ಗೆ ಹೇಳದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ಅವನು ಬೆಳ್ಮಣ್ಣು ಬಸ್ ಸ್ಟ್ಯಾಂಡಿನಲ್ಲಿ ಏಜೆಂಟು. ಬಸ್ಸು ಬಂದು ನಿಂತಾಗ “ಕಾರ್ಕಳ ಕಾರ್ಕಳ ಕಾರ್ಕಳ!” “ಉಡುಪಿ ಉಡುಪಿ!” ಎಂದು ಕೂಗಿ ಜನ ಹತ್ತಿಸುವ ಕೆಲಸ. ಅವನು ಕೂಗಿದರೆ ಗದ್ದೆಯ ಆಚೆ ಚಪ್ಪಲಿ ಮೆಟ್ಟುತ್ತಿದ್ದವರೂ ಓಡಿ ಬರುತ್ತಿದ್ದರು. ಬಸ್ಸು ಕಾಯುತ್ತದೆ ಎಂದು ಆ ಸ್ವರದಲ್ಲೇ ಅವರಿಗೆ ಗೊತ್ತಾಗುತ್ತಿತ್ತು. ಮನೆಯಲ್ಲಿ ಹೇಳುವ ತೇರ್ಸಿಗೂ ಅದೇ ಸ್ವರ. ಮಾತೆ ಮರಿಯಳೂ ಹನ್ನೊಂದೂ ಮುಕ್ಕಾಲಿನ ಬಸ್ಸಿಗೆ ಓಡಿ ಬರಬೇಕು, ಹಾಗೆ.

ನನಗೆ ಆ ಸ್ವರ ಕಂಡರೆ ನಾಚಿಕೆ. ಹೌದು, ಬರೆದೇ ಬಿಡುತ್ತೇನೆ. ನಾನು ಪತ್ರಿಕೆಗೆ ಬರೆಯುವವನು, ಹಾಡಿನ ಮಂದಿಯ ಜೊತೆ ಕೂರುವವನು. ನನ್ನ ಅಣ್ಣ ಸ್ಟ್ಯಾಂಡಿನಲ್ಲಿ ಕೂಗುವವನು. ಪಾಲಿನ ದಿನ ಮಾತಿಗೆ ಮಾತು ಬೆಳೆದು, “ನಿನ್ನ ಬಸ್ ಸ್ಟ್ಯಾಂಡಿನ ಸ್ವರ ಸ್ಟ್ಯಾಂಡಿನಲ್ಲೇ ಇರಲಿ, ಮನೆಯಲ್ಲಿ ಬೇಡ” ಎಂದುಬಿಟ್ಟೆ. ಬಾವಿಯ ಬಗ್ಗೆ, ಅಂಗಳದ ಬಗ್ಗೆ ಆಡಿದ್ದನ್ನೆಲ್ಲ ಇಬ್ಬರೂ ಮರೆತೆವು. ಈ ಮಾತು ಮಾತ್ರ ಉಳಿಯಿತು. ಅಲ್ಲಿಂದ ನಾವು ಮಾತು ಬಿಟ್ಟೆವು.

ಸ್ಟುಡಿಯೋ ಶುರುವಾದ ಮೇಲೆ ತೊಂದರೆ ಶುರುವಾಯಿತು. ಭಜನೆಯವರು ಕೆಲಸ ಮುಗಿಸಿ ಬರುವುದೇ ಸಂಜೆ. ಅಣ್ಣನ ತೇರ್ಸೂ ಸಂಜೆಯೇ, ಇಗರ್ಜಿಯ ಗಂಟೆ ಬಾರಿಸಿದ ಕೂಡಲೇ. ನಾನು ಗೋಡೆಗೆ ಗೋಣಿಚೀಲ ಕಟ್ಟಿದೆ. ಹಾಸಿಗೆ ನಿಲ್ಲಿಸಿದೆ. ಉಡುಪಿಯ ಹೋಟೆಲುಗಳಿಗೆ ಅಲೆದು ಮೊಟ್ಟೆಯ ಟ್ರೇ ತಂದು ಅಂಟಿಸಿದೆ. ಕೋಣೆಯೊಳಗಿನ ಗುಂಯ್ ಎನ್ನುವುದು ಹೋಯಿತು. ಅಣ್ಣ ಹೋಗಲಿಲ್ಲ.

ಒಂದು ಸಂಜೆ ಎಲ್ಲೂರಿನ ಕಡೆಯ ಭಜನಾ ತಂಡ ಬಂದಿತ್ತು. ಶಿವನ ಮೇಲೆ ಎಂಟು ಭಜನೆ. ಎಂಟನೆಯದು ಅರ್ಧಕ್ಕೆ ಬಂದಾಗ ಗಂಟೆ ಬಾರಿಸಿತು. ಟೇಪು ತಿರುಗಿಸಿ ಹಾಕಿದರೆ, ತಾಳದ ಹಿಂದೆ, ಎರಡು ಸಾಲುಗಳ ನಡುವೆ, ಸ್ಪಷ್ಟವಾಗಿ ನಮ್ಮಣ್ಣ ಮರಿಯಮ್ಮನನ್ನು ಕರೆಯುತ್ತಿದ್ದಾನೆ! ತಂಡದ ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇರಲಿ ಮಾರಾಯ್ರೆ. ಅವರೂ ದೇವರನ್ನೇ ಕರೆಯುವುದಲ್ವಾ? ಎಂತ ಲಾಯ್ಕಿನ ಸ್ವರ! ನಂಗೆ ಇದರ ಒಂದು ಕಾಪಿ ಬೇಕು.”

ನಾನು ನಗಲಿಲ್ಲ. ಕ್ಯಾಸೆಟ್ ಮಾರುವವರು ಒಪ್ಪಲಿಕ್ಕಿಲ್ಲ ಎಂದೆ. ಕಾಪಿಯನ್ನೂ ಕೊಡಲಿಲ್ಲ. ಅದೇ ಟೇಪಿನ ಮೇಲೆ ಎಂಟನೆಯ ಭಜನೆಯನ್ನು ಹೊಸದಾಗಿ ಹಾಡಿಸಿದೆ. ಅದಕ್ಕೂ ಮೊದಲು, ಆಮೇಲೆ, ಇಂಥ ‘ಕೆಟ್ಟ’ ಟೇಪುಗಳು ಎಷ್ಟಿದ್ದವೋ! ಒಂದನ್ನೂ ಬಿಡದೆ ಅಳಿಸಿದೆ. ಅಳಿಸುವುದರಲ್ಲಿ ನಾನು ಬಹಳ ಅಚ್ಚುಕಟ್ಟು.

ಬೊಂಬಾಯಿಯ ಸ್ಟುಡಿಯೋ ಒಂದರಲ್ಲಿ ಕೆಲಸ ಮಾಡುವ ಗೆಳೆಯನಿಗೆ ಕಾಗದ ಬರೆದೆ. ಅವನ ಉತ್ತರ ಬಂತು: ‘ಗೋಣಿ, ಹಾಸಿಗೆ ಎಲ್ಲ ತೆಗೆದು ಹಾಕು. ಮೆತ್ತನೆಯದು ಪಕ್ಕದ ಮನೆಯ ಶಬ್ದ ತಡೆಯುವುದಿಲ್ಲ. ಭಾರ ತಡೆಯುತ್ತದೆ. ಎರಡು ಹಲಗೆಯ ನಡುವೆ ಒಣ ಮರಳು ತುಂಬಿ ಪ್ಯಾನೆಲ್ ಮಾಡು. ಗೋಡೆಗೆ ಬಿಗಿ.’

ವಾಸು ಆಚಾರಿಯನ್ನು ಕರೆಸಿದೆ. ಬಾಗಿಲಷ್ಟು ಎತ್ತರದ ನಾಲ್ಕು ಪ್ಯಾನೆಲ್ ಮಾಡಿದರು. ಹೊಳೆಯ ಹೊಯ್ಗೆ ತಂದು, ಬಾಣಲೆಯಲ್ಲಿ ಹುರಿದು, ತಣಿಸಿ ತುಂಬಿದೆವು. ಒಂದೊಂದನ್ನು ಎತ್ತಲು ನಾಲ್ಕು ಆಳು. ಗೋಡೆಗೆ ಬಿಗಿಯುವ ಹೊತ್ತಿಗೆ ಆಚಾರಿ ಗೋಡೆಯನ್ನು ಬೆರಳಿನಿಂದ ತಟ್ಟಿದರು, ಮೊಳೆಯಿಂದ ಒಂದು ಗೀರು ಎಳೆದರು. ಕೆಂಪು ಹುಡಿ ಉದುರಿತು.

“ಪೊರ್ಬುಗಳೇ, ಇದು ಗೋಡೆಯಾ?” ಅಂದರು. (ನಮ್ಮ ಕಡೆ ತುಳು ಮಂದಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವುದು ಹೀಗೆ.) “ಇದರಲ್ಲಿ ಕ್ಯಾಲೆಂಡರ್ ನಿಲ್ತದೆ. ನಿಮ್ಮ ಪ್ಯಾನೆಲ್ ನಿಲ್ಲುದಿಲ್ಲ. ಮರದ ಗೂಟ ಹೊಡೆದ್ರೆ ಗೂಟವೂ ಬರ್ತದೆ, ಕಲ್ಲೂ ಬರ್ತದೆ.”

“ಮತ್ತೆ ಎಂತ ಮಾಡುವುದು?”

“ಆಚೆ ಬದಿಗೆ ದಪ್ಪ ಹಲಗೆ ಇಡ್ಬೇಕು. ಬೋಲ್ಟ್ ಈಚೆಯಿಂದ ದಾಟಿಸಿ ಆಚೆಯಿಂದ ನಟ್ಟು ಬಿಗೀಬೇಕು. ಈಚೆದನ್ನು ಆಚೆದು ಹಿಡ್ಕೊಳ್ತದೆ. ಬೇರೆ ದಾರಿ ಇಲ್ಲ.”

“ಆಚೆ ಬದಿ ನನ್ನದಲ್ಲ ಆಚಾರ್ರೆ.”

“ಅದು ನಂಗೆ ಗೊತ್ತುಂಟು. ಬೆಳ್ಮಣ್ಣಿಗೇ ಗೊತ್ತುಂಟು.”

ನೋಡಿದಿರಾ? ಅಣ್ಣನ ಸ್ವರವನ್ನು ತಡೆಯಬೇಕಾದರೆ ಅಣ್ಣನೇ ಆಚೆಯಿಂದ ಹಿಡಿದುಕೊಳ್ಳಬೇಕು! ಅವನ ಒಪ್ಪಿಗೆ ಬೇಕು, ಅವನ ಗೋಡೆ ಬೇಕು, ಅವನ ಕೈಯೂ ಬೇಕು.

ಒಂದು ವಾರ ಪ್ಯಾನೆಲುಗಳನ್ನು ನೆಲದ ಮೇಲೆ ಮಲಗಿಸಿಟ್ಟು ಕೂತೆ. ನನಗೆ ಹೋಗಿ ಕೇಳಲು ಆಗಲಿಲ್ಲ. ಕೊನೆಗೆ ಆಚಾರಿಯೇ ಹೋದರು. ಐದು ನಿಮಿಷದಲ್ಲಿ ತಿರುಗಿ ಬಂದರು.

“ಎಂತ ಹೇಳಿದ?”

“ಎಂತ ಹೇಳ್ಲಿಲ್ಲ. ಎಷ್ಟು ದಿನದ ಕೆಲಸ ಅಂತ ಕೇಳಿದ್ರು. ಎರಡು ದಿನ ಅಂದೆ. ಹನ್ನೊಂದೂ ಮುಕ್ಕಾಲಿನ ಬಸ್ಸು ಕಳಿಸಿ ಬರ್ತೇನೆ ಅಂದ್ರು.”

ಜಗಳ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು! ಆಗುವುದಿಲ್ಲ ಅಂದಿದ್ದರೆ ಊರಿಡೀ ಹೇಳಿಕೊಂಡು ತಿರುಗಬಹುದಿತ್ತು. ಅಲ್ತಾರು ಇರುವ ಗೋಡೆ, ತೂತು ಮಾಡುವುದು ಬೇಡ ಅಂದಿದ್ದರೂ ನಾನು ಎದುರು ಹೇಳುವ ಹಾಗಿರಲಿಲ್ಲ. ಅವನು ಅಲ್ತಾರು ಇಳಿಸಿ, ಬಟ್ಟೆ ಸುತ್ತಿ ಮೇಜಿನ ಮೇಲೆ ಇಟ್ಟನಂತೆ. ಅಂಗಿ ಬಿಚ್ಚಿ ಗೋಡೆಯ ಎದುರು ನಿಂತನಂತೆ.

ಇಲ್ಲಿಂದ ಆಚಾರಿ ಉದ್ದದ ಉಳಿ ಹಿಡಿದು ಬಡಿಯುತ್ತಿದ್ದರು. ಮೊದಲ ತೂತು ಆಚೆ ಮುಟ್ಟಿತು. ಕೆಂಪು ಹುಡಿಯ ನಡುವೆ ಒಂದು ಬೆಳಕಿನ ಚುಕ್ಕೆ ಕಂಡಿತು. ಬಗ್ಗಿ ನೋಡಿದೆ. ಬೆಳಕು ಮುಚ್ಚಿತು. ಅದು ಅಣ್ಣನ ಕಣ್ಣು.

“ಬಂತಾ?” ಅಂದ ಆಚೆಯಿಂದ.

“ಬಂತು,” ಅಂದೆ.

ಆರು ವರ್ಷದ ನಂತರ ನಾವು ಆಡಿದ ಮೊದಲ ಮಾತು ಅದು.

ಒಂದು ಪ್ಯಾನೆಲಿಗೆ ನಾಲ್ಕು ಬೋಲ್ಟು. ನಾಲ್ಕು ಪ್ಯಾನೆಲಿಗೆ ಹದಿನಾರು. ಮೊದಲ ದಿನವೆಲ್ಲ ತೂತು ತೆಗೆಯುವುದೇ ಆಯಿತು. ಮೊದಮೊದಲು ಬರೀ ಕೆಲಸದ ಮಾತು. ಸ್ವಲ್ಪ ಮೇಲೆ, ಸ್ವಲ್ಪ ಎಡಕ್ಕೆ, ಹುಡಿ ಕಣ್ಣಿಗೆ ಬಿತ್ತು, ತಡಿ. ಮೂರು ಗಂಟೆಯ ಹೊತ್ತಿಗೆ ಅಣ್ಣ ಕೇಳಿದ, “ನಿನ್ನ ಸೊಂಟ ನೋವು ಹೇಗುಂಟು?” ಸೊಂಟ ನೋವಿನ ವಿಷಯ ಅವನಿಗೆ ಹೇಗೆ ಗೊತ್ತು? ಗೋಡೆ ಅಂಥದ್ದಲ್ಲವೇ! ನಾನು ಏಳುವಾಗ ನರಳುವುದು ಅವನಿಗೆ ಕೇಳುತ್ತಿತ್ತು. ನಾನು ಐರಿನ್‌ಳ ಪರೀಕ್ಷೆಯ ವಿಷಯ ಕೇಳಿದೆ. ಆಗ ಅವಳು ಮಂಗಳೂರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಅವಳ ಪಪ್ಪ ತೂತಿನ ಮೂಲಕವೇ ಪೂರ್ತಿ ವರದಿ ಕೊಟ್ಟ.

ಎರಡನೇ ದಿನ ಆಚೆ ಮೀನು ಹುರಿದ ವಾಸನೆ ತೂತುಗಳಿಂದ ಬಂತು. “ಬಂಗುಡೆಯಾ?” ಅಂದೆ. “ಬಾ, ಊಟ ಮಾಡು,” ಅಂದ. ನಾನು ಹೋಗಲಿಲ್ಲ. ಕೆಲಸ ಉಂಟು ಅಂದೆ. (ಯಾವ ಕೆಲಸ? ಬಡಿಯುವವರು ಆಚಾರಿ. ನಾನು ಸುಮ್ಮನೆ ನಿಂತಿದ್ದೆ.) ಸ್ವಲ್ಪ ಹೊತ್ತಿನಲ್ಲಿ ಅತ್ತಿಗೆ ಹಿಂಬಾಗಿಲಿನಿಂದ ಒಂದು ಬಸಿಯಲ್ಲಿ ನಾಲ್ಕು ಬಂಗುಡೆ ಕಳಿಸಿದರು. ಅದನ್ನು ತಿಂದೆ. ತಿಂದ ಕೈ ತೊಳೆದು ಬಂದು ಪ್ಯಾನೆಲ್ ಎತ್ತಿಸಿದೆ.

ಬೋಲ್ಟು ಒಂದೊಂದಾಗಿ ಹೋಗುತ್ತ ಬಂದ ಹಾಗೆ ತೂತು ಒಂದೊಂದಾಗಿ ಮುಚ್ಚಿತು. ಅಣ್ಣ ಆಚೆಯಿಂದ ನಟ್ಟು ಬಿಗಿಯುತ್ತಿದ್ದ. ಅವನ ಸ್ವರ ಸಣ್ಣದಾಗುತ್ತ ಬಂತು. ಮೂರನೇ ಪ್ಯಾನೆಲ್ ಆದಮೇಲೆ ಅವನು ಕೂಗಬೇಕಾಯಿತು. ಹದಿನಾರನೇ ತೂತಿಗೆ ಬೋಲ್ಟು ಹಾಕುವ ಮೊದಲು ಏನೋ ಹೇಳಿದ. ಆಚಾರಿ ಅಷ್ಟರಲ್ಲಿ ಬೋಲ್ಟು ತುರುಕಿ ಆಗಿತ್ತು. ತೆಗೆಸಿ ಕೇಳಬಹುದಿತ್ತು. ನಾಲ್ಕು ಆಳು ಭಾರ ಹೊತ್ತು ನಿಂತಿದ್ದರು, ಆಮೇಲೆ ಕೇಳಿದರಾಯಿತು ಅಂದುಕೊಂಡೆ. ಕೇಳಲಿಲ್ಲ.

ಇನ್ನು ಆ ಟೇಪು.

ಪ್ಯಾನೆಲ್ ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಡವೇ? ಆಚಾರಿಯ ಹತ್ತಿರ ಹೇಳಿ ಕಳಿಸಿದೆ. ಅಣ್ಣ ತೇರ್ಸ್ ಹೇಳಲಿ, ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ. ಹಾಡುಹಗಲು ಮೂರು ಗಂಟೆಗೆ, ಪ್ರಾರ್ಥನೆಯ ಹೊತ್ತೂ ಅಲ್ಲದ ಹೊತ್ತಿನಲ್ಲಿ, ನನ್ನ ಅಣ್ಣ ಗೋಡೆಗೆ ಮುಖ ಮಾಡಿ ಮೊಣಕಾಲೂರಿದ. ಅತ್ತಿಗೆ ಆಮೇಲೆ ಹೇಳಿದ ಪ್ರಕಾರ ಅವನ ಕುತ್ತಿಗೆಯ ನರ ಉಬ್ಬಿತ್ತಂತೆ. ರಸ್ತೆಯಲ್ಲಿ ಹೋಗುವವರು ಏನಾಯಿತು ಎಂದು ನಿಂತರಂತೆ.

ಈಚೆ ನಾನು ಮೈಕಿನ ಎದುರು ಉಸಿರು ಬಿಗಿಹಿಡಿದು ಕೂತಿದ್ದೆ. ಟೇಪು ಓಡುತ್ತಿತ್ತು. ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ನನಗೆ ಕುಣಿಯುವಷ್ಟು ಖುಷಿ!

ಮುಗಿದ ಮೇಲೆ ಅಣ್ಣ ಸುತ್ತು ಹಾಕಿ ನನ್ನ ಬಾಗಿಲಿಗೆ ಬಂದ. ಪಾಲಾದ ಮೇಲೆ ಅವನು ನನ್ನ ಬದಿಗೆ ಕಾಲಿಟ್ಟದ್ದು ಅದೇ ಮೊದಲು. ಬೆವರಿದ್ದ. ಕೆಂಪು ಹುಡಿ ಇನ್ನೂ ಹುಬ್ಬಿನಲ್ಲಿತ್ತು.

“ಬಂತಾ?”

“ಇಲ್ಲ ಅಣ್ಣ! ಒಂದಕ್ಷರ ಬರಲಿಲ್ಲ! ಏನೂ ಇಲ್ಲ!” ಎಂದು ನಾನು ಚಪ್ಪಾಳೆಯನ್ನೇ ತಟ್ಟಿಬಿಟ್ಟೆ.

ನಾನೂ ಕೇಳುತ್ತೇನೆ ಅಂದ. ಹೆಡ್‌ಫೋನ್ ಕೊಟ್ಟೆ. ಟೇಪು ತಿರುಗಿಸಿ ಹಾಕಿದೆ. ಅವನು ಕಣ್ಣು ಮುಚ್ಚಿ, ಇಷ್ಟು ದೊಡ್ಡ ಕೈಗಳಿಂದ ಎರಡೂ ಕಿವಿ ಒತ್ತಿಕೊಂಡು ಕೇಳಿದ. ಎರಡು ನಿಮಿಷ, ಮೂರು ನಿಮಿಷ. ನನಗೆ ಅವಸರ, ಲೇಬಲ್ ಬರೆಯುತ್ತಿದ್ದೆ. ಆಮೇಲೆ ಹೆಡ್‌ಫೋನ್ ತೆಗೆದು, ಬೆವರು ತಾಗಿದೆ ಎಂದು ಹೆಗಲ ಬೈರಾಸಿನಿಂದ ಒರೆಸಿ, ಮೇಜಿನ ಮೇಲೆ ಇಟ್ಟ.

“ಒಳ್ಳೆಯದಾಯ್ತು,” ಅಂದ. “ನಾಲ್ಕೂಕಾಲಿನ ಬಸ್ಸಿಗೆ ಹೊತ್ತಾಯ್ತು.”

ಹೋದ.

ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು. ಆ ವಾರ ಇದೇ ಅಂಕಣದಲ್ಲಿ ಬರೆದಿದ್ದೆ, ಮನೆಯಲ್ಲೇ ಮೌನವನ್ನು ಹೇಗೆ ಕಟ್ಟಿಸಿದೆ ಎಂದು. ಹುರಿದ ಮರಳಿನ ಬಗ್ಗೆ ಇತ್ತು, ಬೊಂಬಾಯಿಯ ಗೆಳೆಯನ ಬಗ್ಗೆ ಇತ್ತು, ಆಚಾರಿಯ ಬಗ್ಗೆ ಕೂಡ ಎರಡು ಒಳ್ಳೆಯ ಮಾತು ಇತ್ತು. ನೀವು ಮೆಚ್ಚಿ ಕಾಗದ ಬರೆದಿರಿ, ಪ್ಯಾನೆಲಿನ ಅಳತೆ ಕೇಳಿದಿರಿ. ನಾನು ಅಳತೆ ಬರೆದು ಕಳಿಸಿದೆ. ಆಚೆ ಬದಿಯ ನಟ್ಟು ಬಿಗಿದವನು ಯಾರು ಎಂದು ಮಾತ್ರ ಆ ಬರಹದಲ್ಲಿ ಇರಲಿಲ್ಲ. ಯಾರೂ ಕೇಳಲೂ ಇಲ್ಲ.

ಪ್ಯಾನೆಲ್ ಬಂದು ಹದಿನೈದು ದಿನವಾಗಿರಬಹುದು. ಸಂಜೆ ಅಡುಗೆಮನೆಯಲ್ಲಿ ಹೆಂಡತಿ ಲಿಲ್ಲಿ ಕೈ ಕಟ್ಟಿ ನಿಂತಿದ್ದಳು. ಏನಾಯಿತು ಅಂದೆ.

“ತೇರ್ಸ್ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ,” ಅಂದಳು.

“ನಿನಗೆ ಎಂತಕ್ಕೆ?”

ಎಂತಕ್ಕೆ ಎಂದು ಆಗ ಹೇಳಿದಳು. ತೇರ್ಸಿನಲ್ಲಿ ಮುಂದಾಳು ಅರ್ಧ ಹೇಳುತ್ತಾನೆ, ಉಳಿದವರು ಉಳಿದರ್ಧ ಹೇಳಿ ಮುಗಿಸುತ್ತಾರೆ. ಅಷ್ಟು ವರ್ಷ, ದಿನಾ ಸಂಜೆ, ಅಣ್ಣ ಆಚೆಯಿಂದ ಅರ್ಧ ಹೇಳಿದ್ದನ್ನು ನನ್ನ ಹೆಂಡತಿ ಈಚೆ ಮೀನು ಕೊಯ್ಯುತ್ತ, ಅಕ್ಕಿ ತೊಳೆಯುತ್ತ, ಬಾಯಿಯೊಳಗೆ ಮುಗಿಸುತ್ತಿದ್ದಳು. ಅತ್ತಿಗೆಗೆ ಅದು ಗೊತ್ತಿತ್ತು. ಇವಳೇ ಬಾವಿಕಟ್ಟೆಯಲ್ಲಿ ಹೇಳಿದ್ದಳಂತೆ. ಅತ್ತಿಗೆಗೆ ಗೊತ್ತಿದ್ದರೆ ಅಣ್ಣನಿಗೆ ಗೊತ್ತಿರುವುದಿಲ್ಲವೇ? ಅವನು ಅಷ್ಟು ಜೋರಾಗಿ ಯಾರಿಗಾಗಿ ಹೇಳುತ್ತಿದ್ದ?

ಮನೆ ಪಾಲಾಗಿತ್ತು, ಪ್ರಾರ್ಥನೆ ಪಾಲಾಗಿರಲಿಲ್ಲ. ಅದನ್ನು ಪಾಲು ಮಾಡಲು ಹದಿನಾರು ಬೋಲ್ಟು ಬೇಕಾಯಿತು.

ಆದರೂ ನಾನು ಪ್ಯಾನೆಲ್ ಬಿಚ್ಚಿಸಲಿಲ್ಲ. ಬುಕ್ಕಿಂಗ್ ಇದ್ದವು. ಗುಣಮಟ್ಟ ಚೆನ್ನಾಗಿದೆ ಎಂದು ಉಡುಪಿಯವರು ಹೊಗಳುತ್ತಿದ್ದರು. ಅಣ್ಣನ ಗಂಟಲು ಕಟ್ಟಿದ್ದು, ಸ್ಟ್ಯಾಂಡಿನಲ್ಲಿ ಕೂಗಲಾರದೆ ಸೀಟಿ ಊದಲು ಶುರು ಮಾಡಿದ್ದು, ತಿಂಗಳುಗಟ್ಟಲೆ ಕೆಮ್ಮಿದ್ದು, ಇದೆಲ್ಲ ನನಗೆ ಬೇರೆಯವರು ಹೇಳಿ ಗೊತ್ತಾಗಬೇಕಾಯಿತು. ಹಳೆಯ ಗೋಡೆಯಾಗಿದ್ದರೆ ಮೊದಲ ವಾರವೇ ಕೇಳುತ್ತಿತ್ತು. ಮೊದಲೇ ಕರೆದುಕೊಂಡು ಹೋಗಿದ್ದರೆ? ಡಾಕ್ಟರನ್ನು ಈ ಪ್ರಶ್ನೆ ಕೇಳುವ ಧೈರ್ಯ ನನಗೆ ಬಂದಿಲ್ಲ.

ಬುಧವಾರ ಪೂರ್ತಿ ಕಪಾಟು ಕೆದಕಿದೆ. ಒಂದೊಂದೇ ಟೇಪು ಹಾಕಿ, ಹಾಡಿನ ಹಿಂದೆ, ಹಾಡು ನಿಂತ ಕಡೆ, ಕಿವಿಗೊಟ್ಟು ಕೇಳಿದೆ. ಎಲ್ಲಾದರೂ ಒಂದು ಸಾಲು ಉಳಿದಿರಬಹುದೇ? ಒಂದು ‘ಕಾರ್ಕಳ ಕಾರ್ಕಳ’? ಭಜನೆ ಸಿಕ್ಕಿತು. ಯಾರದೋ ಮದುವೆಯ ವೋವಿ ಹಾಡು ಸಿಕ್ಕಿತು. ಬಹರೈನಿನ ಗಂಡನಿಗೆ ಬೈಯುವ ಹೆಂಡತಿ ಸಿಕ್ಕಳು. ಮಧ್ಯೆ ಒಂದು ಕಾಗೆ ಕೂಡ ಸಿಕ್ಕಿತು. ಕಾಗೆಯನ್ನು ನಾನು ಅಳಿಸಿರಲಿಲ್ಲ. ಲಿಲ್ಲಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಗುರುವಾರ ಬೆಳಿಗ್ಗೆ ಅತ್ತಿಗೆ ಬಂದರು. ಕೈಯಲ್ಲಿ ಅದೇ ಕ್ಯಾಸೆಟ್.

“ಎರಡೂ ಬದಿ ಹಾಕಿದೆ ಫೆಲಿಕ್ಸ್. ಎಂತ ಕೇಳುವುದಿಲ್ಲ. ನಮ್ಮ ಸೆಟ್ ಹಾಳಾಗಿರಬೇಕು ಅಂತ ಎದುರು ಮನೆಯವರದ್ದಕ್ಕೂ ಹಾಕಿ ನೋಡಿದೆ. ಇವರಿಗೆ ತೋರಿಸಿದೆ. ಹೆಸರು ಓದಿ ನಕ್ಕರು. ಎಂತಕ್ಕೆ ನಗುವುದು, ಬರೆದು ತೋರಿಸಿ ಅಂದೆ. ಸ್ಲೇಟು ಮಗುಚಿ ಇಟ್ಟರು.”

ಹೇಳಿದೆ. ಎಲ್ಲವನ್ನೂ ಹೇಳಿದೆ. ಟೇಪು ಯಾಕೆ ಖಾಲಿ, ಉಳಿದ ಟೇಪು ಏನಾಯಿತು, ಎಲ್ಲ. ಅತ್ತಿಗೆ ನಿಂತೇ ಕೇಳಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಈ ವಾರ ನೀವು ಓದುತ್ತಿದ್ದದ್ದು ಬಸ್ಸಿನ ರಶ್ಶಿನ ಬಗ್ಗೆಯೋ, ಕರೆಂಟಿನ ಬಗ್ಗೆಯೋ ಒಂದು ತಮಾಷೆಯ ಬರಹ.

ಅವರು ಕ್ಯಾಸೆಟ್ಟನ್ನು ಮೇಜಿನ ಮೇಲೆ ಇಟ್ಟರು. “ಆಯ್ತು. ಐರಿನ್‌ಗೆ ನಾನೇ ಎರಡು ಮಾತು ಬರೆದು ಕಳಿಸ್ತೇನೆ,” ಅಂದರು. ಮೆಟ್ಟಲು ಇಳಿದವರು ಏನೋ ನೆನಪಾದ ಹಾಗೆ ತಿರುಗಿದರು. ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮನೆಯ ಕೆಲಸದ ಒಂದು ವಿಷಯ ಹೇಳುವ ಹಾಗೆ ಹೇಳಿದರು.

“ಮತ್ತೆ, ನಮ್ಮ ಬದಿಯ ಹಲಗೆಗೆ ಗೆದ್ದಲು ಹಿಡಿದಿದೆ ಫೆಲಿಕ್ಸ್. ಆಚಾರಿಯನ್ನು ಕರೆಸಿ ಎಲ್ಲ ಬಿಚ್ಚಿಸಿಬಿಡು. ನಮ್ಮ ಬದಿಯಿಂದ ಇನ್ನು ನಿನಗೆ ಎಂತ ತೊಂದರೆ ಉಂಟು?”